ಮೂರು ಗ್ರಾಂ

ನಲವತ್ತು ವರ್ಷ ಗಡಿಯಾರಗಳ ಹೊಟ್ಟೆ ಬಿಚ್ಚಿದ ಕೈ ಇದು.
ಸೆಗೆಡ್ ಊರಿನಲ್ಲಿ, ಟಿಸಾ ನದಿಯ ಸೇತುವೆ ಇಳಿದರೆ ಎಡಕ್ಕೆ
ನನ್ನ ಅಂಗಡಿಯಿತ್ತು. ಈಗಲ್ಲಿ ಫೋನು ಮಾರುತ್ತಾರೆ.
ಯಾರ ಮಣಿಕಟ್ಟಿನಲ್ಲೂ ಹೊತ್ತು ಮಿಡಿಯದಂತಾದ ಮೇಲೆ
ಎಮೋಕೆ ಕರೆದಳು:
ಬನ್ನಿ ಅಂಬ್ರುಶ್ ಮಾಮ, ಕೂದಲಿಗಿಂತ ತೆಳು ತಂತಿ,
ಬೆಸೆಯುವವರು ಸಿಗುತ್ತಿಲ್ಲ.

ಹೋದೆ. ಹಳೇ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಕೂತೆ.
ಇಲಿಯ ತಲೆಗೊಂದು ಟೋಪಿ ಮಾಡುವ ಕೆಲಸ.

ಮೂರು ಗ್ರಾಂ.
ಮೇಲೆ ಒಂದು ಗುಲಗಂಜಿ ಹೆಚ್ಚಾದರೂ ಕತ್ತು ವಾಲುತ್ತದೆ,
ಓಟ ಓಟವಾಗಿರುವುದಿಲ್ಲ.
ಬ್ಯಾಟರಿಗೇ ಒಂದು ಗ್ರಾಂ. ಚಿಪ್ಪಿನಷ್ಟು ಚಿಪ್ಪು.
ಹದಿನಾರು ತಂತಿ ಸೇರಿದರೂ ಲೆಕ್ಕಕ್ಕಿಲ್ಲ;
ಹಲ್ಲಿನ ಡಾಕ್ಟರು ಬಳಸುವ ಸಿಮೆಂಟೇ ಭಾರ.
ಕೆರೆಯುತ್ತೇನೆ, ತೂಗುತ್ತೇನೆ, ಮತ್ತೆ ಕೆರೆಯುತ್ತೇನೆ.
ನನ್ನ ಪಿರೋಷ್ಕ ಮೀನಿನ ಸಾರಿಗೆ ಖಾರದ ಪುಡಿ ಹಾಕುವಾಗ
ಇಷ್ಟು ಯೋಚಿಸುತ್ತಿರಲಿಲ್ಲ.

ಪೆಟ್ಟಿಗೆಯ ಮೇಲೆ ಬರೆದಿದೆ:
ಮುಕ್ತವಾಗಿ ಚಲಿಸುವ ಪ್ರಾಣಿಗಳಿಗಾಗಿ.
ಮುಕ್ತ ಅಂದರೆ ಒಂದೂವರೆ ಮೀಟರು, ಸುತ್ತ ಗೋಡೆ, ಮೇಲೊಂದು ಕ್ಯಾಮೆರಾ.
ಮುಕ್ತ ಅಂದರೆ ತಲೆಯಿಂದ ಕೇಬಲ್ಲು ನೇತಾಡುವುದಿಲ್ಲ, ಅಷ್ಟೆ.
ನಗಬೇಡಿ.
ನನ್ನ ಹರೆಯದಲ್ಲಿ ನಮಗೂ ಹಾಗೇ ಹೇಳಿದ್ದರು,
ನಾವೂ ಓಡಾಡಿಕೊಂಡಿದ್ದೆವು.

ಇಲಿಗೆ ಹೆಸರಿಲ್ಲ. ಮೂವತ್ತೊಂದು.
ಹೆಸರಿಟ್ಟರೆ ತೂಕ ಹೆಚ್ಚುತ್ತದೆ,
ತಕ್ಕಡಿ ಅದನ್ನು ತೋರಿಸುವುದಿಲ್ಲ.

ಸ್ಪೀಕರು ಹಚ್ಚಿದರೆ ಕೇಳುತ್ತದೆ
ಕಾದ ಬಾಣಲೆಯಲ್ಲಿ ಜೋಳ ಅರಳುವ ಚಟಪಟ.
ಬಾಗಿಲ ಬಳಿ ಬಂದಾಗ ಒಂದು ಕೋಶ, ಕವಲಿನಲ್ಲಿ ಇನ್ನೊಂದು,
ಸಕ್ಕರೆ ನೀರಿನ ಮೂಲೆಯಲ್ಲಿ ಮಗದೊಂದು.
ಆಮೇಲೆ ಅದು ಮುದುಡಿ ಮಲಗುತ್ತದೆ.
ಮಲಗಿದಲ್ಲೇ ಮತ್ತೆ ಶುರು:
ಬಾಗಿಲು, ಕವಲು, ಮೂಲೆ,
ಕಾಲು ಅಲುಗದೆ, ಹತ್ತು ಪಟ್ಟು ಅವಸರದಲ್ಲಿ.
ಹಾಲು ಹೆಪ್ಪಾಗುತ್ತಿದೆ, ಅಲುಗಿಸಬಾರದು, ಅಂದಳು ಎಮೋಕೆ.

ಅಂದವಳೇ ಮರುವಾರ ಅಲುಗಿಸಿ ನೋಡೋಣ ಅಂದಳು.
ಅದಕ್ಕೂ ತಂತಿ ನಾನೇ ಬೆಸೆದದ್ದು.
ಬೊಟೊಂಡ್ ಎಂಬ ಹುಡುಗ ಗುಂಡಿಯ ಮೇಲೆ ಬೆರಳಿಟ್ಟು ಕಾದ.
ಇಲಿಯ ಕನಸು ಹೊರಟಿತು, ಬಾಗಿಲು, ಕವ...
ಸಣ್ಣ ಮಿಂಚು. ಮೌನ.
ರಾತ್ರಿಯಿಡೀ ಹೀಗೆ, ಹೊರಟಾಗೆಲ್ಲ.
ಬೆಳಿಗ್ಗೆ ಮೂವತ್ತೊಂದು ಕವಲಿನಲ್ಲಿ ನಿಂತುಬಿಟ್ಟಿತು.
ನಿನ್ನೆ ತಾನೇ ಕಲಿತ ಹಾದಿ.
ಮೂಗು ಅತ್ತ, ಮೂಗು ಇತ್ತ.

ಪಿರೋಷ್ಕ ಕೊನೆಯ ವರ್ಷ
ಅಡಿಗೆಮನೆಯ ಹೊಸ್ತಿಲಲ್ಲಿ ಹೀಗೇ ನಿಂತಿರುತ್ತಿದ್ದಳು, ಕೈಯಲ್ಲಿ ಸೌಟು.
ಗುಂಡಿ ಒತ್ತಿದವರು ಯಾರೆಂದು
ಯಾವ ಆಸ್ಪತ್ರೆಯೂ ಹೇಳಲಿಲ್ಲ.

ಎಮೋಕೆಯದು ತಪ್ಪೆನ್ನಲಾರೆ.
ಅವಳು ಹುಡುಕುತ್ತಿರುವುದೂ ಆ ಬೆರಳನ್ನೇ.
ಜನ ಬೆಟ್ಟ ಅಗೆದು ಇಲಿ ಹಿಡಿಯುತ್ತಾರೆ,
ಇವಳು ಇಲಿ ಅಗೆದು ಬೆಟ್ಟ ಹುಡುಕುತ್ತಾಳೆ.
ಸಿಗಲಿ. ಸಿಕ್ಕರೆ ನನಗೂ ಒಂದು ಮಾತು ಹೇಳಲಿ.

ಆದರೂ ಮೊನ್ನೆ ಬುಧವಾರ
ಪರದೆಯ ಮೇಲೆ ಹನ್ನೊಂದು ನಿಮಿಷ ಬರೀ ನೇರ ಗೆರೆ.
ಒಂದು ಬೆಸುಗೆ ಬಿಟ್ಟಿತ್ತು.
ಬೊಟೊಂಡ್ ಒತ್ತಿದ, ಒತ್ತಿದ; ಮಿಂಚು ತಲುಪಲಿಲ್ಲ.
ಕೈ ನಡುಗಿತಮ್ಮ, ವಯಸ್ಸಾಯಿತಲ್ಲ, ಅಂದೆ.
ಪಾಪ, ಕುರ್ಚಿ ಎಳೆದು ಕೂರಿಸಿ ಕಾಫಿ ತಂದುಕೊಟ್ಟಳು.

ಕ್ಯಾಮೆರಾದಲ್ಲಿ ಮಾತ್ರ ಉಳಿದಿದೆ:
ಇಲಿ ಮಲಗಿದೆ. ಮೀಸೆ ಒಮ್ಮೆ ಅದುರಿತು.
ಎದ್ದು, ಎರಡೂ ಕೈಯಿಂದ ಮುಖ ತೊಳೆದು,
ಟೋಪಿಯ ಅಂಚಿಗೆ ಕಿವಿ ಉಜ್ಜಿ,
ಕವಲಿನಲ್ಲಿ ನಿಲ್ಲದೆ ಎಡಕ್ಕೆ ಹೋಯಿತು.
ಒಳಗೇನು ನಡೆಯಿತೋ, ದಾಖಲೆಯಿಲ್ಲ.

ನಾಳೆಗೆ ಮೂವತ್ತೆರಡರ ಟೋಪಿ ಆಗಬೇಕು.
ದೀಪ ಹತ್ತಿರ ಎಳೆದುಕೊಂಡು ಬೆರಳು ಚಾಚಿ ನೋಡುತ್ತೇನೆ.
ಈ ಕೈ ಇವತ್ತಿನವರೆಗೂ ನಡುಗಿಲ್ಲ.